ಗಣಿತದ ಪಾಠದಲ್ಲಿ ಮಗ್ಗಿಯೂ ಸಮಸ್ಯೆಯೂ

ಪ್ರೌಢಶಾಲೆಯ ಗಣಿತಬೋಧನೆಯನ್ನು ಕುರಿತು ವಿಚಾರಮಾಡುವವರಲ್ಲಿ ಎರಡು ಪಕ್ಷಗಳುಂಟು. ಮಗ್ಗಿ, ಭಿನ್ನರಾಶಿ, ಸೂತ್ರಗಳು ಬಾಯಿಗೆ ಬಾರದೆ ಮುಂದಿನದೇನೂ ಸಾಗದೆಂದು ಒಂದು ಪಕ್ಷದವರು ಹೇಳುತ್ತಾರೆ. ಬುದ್ಧಿಯನ್ನು ಕೆಣಕುವ ಸಮಸ್ಯೆಗಳನ್ನು ಒಡ್ಡಿದರೆ ಸಾಕು, ಕಂಠಪಾಠವು ವ್ಯರ್ಥವೆಂದು ಮತ್ತೊಂದು ಪಕ್ಷದವರು ಹೇಳುತ್ತಾರೆ. ಇವೆರಡನ್ನೂ ಬೇರೆ ಬೇರೆ ಮಾಡುವುದರಿಂದಲೇ ಮಕ್ಕಳಿಗೆ ಹಾನಿಯಾಗುತ್ತದೆಂಬುದನ್ನು ಈ ದಿನ ತಮ್ಮ ಮುಂದೆ ನಿವೇದಿಸಬಯಸುತ್ತೇನೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೧೩ ವರ್ಷದ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ ಹೀಗೊಂದು ಲೆಕ್ಕವನ್ನು ಕೊಟ್ಟಿದ್ದರು: ಒಂದು ಬಸ್ಸಿನಲ್ಲಿ ೩೬ ಸೈನಿಕರಿಗೆ ಸ್ಥಳವಿದೆ, ೧೧೨೮ ಸೈನಿಕರನ್ನು ಕರೆದೊಯ್ಯಲು ಎಷ್ಟು ಬಸ್ಸುಗಳು ಬೇಕು? ಫಲಿತಾಂಶವು ೧೯೮೩ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು ೭೦ ಮಂದಿ ಭಾಗಾಕಾರವನ್ನು ತಪ್ಪಿಲ್ಲದೆ ಮಾಡಿದ್ದರು. ಭಾಗಲಬ್ಧ ೩೧, ಶೇಷ ೧೨. ಆದರೆ ೨೯ ಮಂದಿ "೩೧, ಶೇಷ ೧೨" ಎಂದೇ ಉತ್ತರ ಬರೆದರು. ೧೮ ಮಂದಿ ೩೧ ಎಂದು ಬರೆದು, ಉಳಿದ ಹನ್ನೆರಡು ಸೈನಿಕರನ್ನು ದಾರಿಯಲ್ಲಿಯೇ ಬಿಟ್ಟರು. ೩೨ ಬಸ್ಸುಗಳು ಬೇಕೆಂದವರು ೨೩ ಮಂದಿ ಮಾತ್ರ. ಕೈ ಲೆಕ್ಕಮಾಡಿತು, ಲೆಕ್ಕವು ಯಾವುದರ ವಿಷಯವೆಂಬುದನ್ನು ಮನಸ್ಸು ಕೇಳಿಕೊಳ್ಳಲಿಲ್ಲ.

ಹಾಗೆಂದು ಅಭ್ಯಾಸವನ್ನು ಬಿಡಬಹುದೆ? ಸಮಸ್ಯೆಯ ನಡುವೆ ಏಳೆಂಟಲ ಎಷ್ಟೆಂದು ತಡವರಿಸುವ ಹುಡುಗನಿಗೆ ಸಮಸ್ಯೆಯ ಎಳೆಯೇ ಕಳೆದುಹೋಗುತ್ತದೆ. ಮನುಷ್ಯನ ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಕೆಲವೇ. ಮಗ್ಗಿಯು ಕರಗತವಾಗಿದ್ದರೆ ಆ ಅವಧಾನವು ಯೋಚನೆಗೆ ಒದಗುತ್ತದೆ.

ಇವೆರಡೂ ಹೇಗೆ ಕೂಡಿಬರುವುವೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ೪೦ ಮೀಟರ್ ಬೇಲಿಯಿಂದ ಆಯತಾಕಾರದ ತೋಟವೊಂದನ್ನು ಸುತ್ತುವರಿಯಬೇಕು. ವಿಸ್ತೀರ್ಣವು ಆದಷ್ಟು ಹೆಚ್ಚಾಗಿರಬೇಕು. ಉದ್ದವೂ ಅಗಲವೂ ಸೇರಿ ೨೦ ಮೀಟರ್. ಮಕ್ಕಳು ಒಂದೊಂದಾಗಿ ಗುಣಿಸಿ ನೋಡುತ್ತಾರೆ. ೧೯ನ್ನು ೧ರಿಂದ ಗುಣಿಸಿದರೆ ೧೯. ೧೫ನ್ನು ೫ರಿಂದ ಗುಣಿಸಿದರೆ ೭೫. ೧೨ನ್ನು ೮ರಿಂದ ಗುಣಿಸಿದರೆ ೯೬. ೧೦ನ್ನು ೧೦ರಿಂದ ಗುಣಿಸಿದರೆ ೧೦೦. ಹೀಗೆ ಯಾರೂ ಒತ್ತಾಯಿಸದೆಯೇ ಗುಣಾಕಾರದ ಅಭ್ಯಾಸವಾಗುತ್ತದೆ. ಆಗ ಉಪಾಧ್ಯಾಯರು, ಒಂದೊಂದು ಉತ್ತರವೂ ನೂರಕ್ಕೆ ಎಷ್ಟು ಕಡಿಮೆಯೆಂದು ಕೇಳಲಿ. ೮೧, ೨೫, ೪: ಎಲ್ಲವೂ ವರ್ಗಸಂಖ್ಯೆಗಳು! ಹತ್ತಕ್ಕೆ ಒಂದು ಸಂಖ್ಯೆಯನ್ನು ಕೂಡಿಸಿ, ಹತ್ತರಿಂದ ಅದನ್ನೇ ಕಳೆದು, ಬಂದ ಎರಡನ್ನೂ ಗುಣಿಸಿದರೆ, ನೂರರಿಂದ ಆ ಸಂಖ್ಯೆಯ ವರ್ಗವನ್ನು ಕಳೆದಷ್ಟೇ ಆಗುವುದೆಂಬ ಬೀಜಗಣಿತದ ಸೂತ್ರವು ಮಕ್ಕಳ ಕೈಯಿಂದಲೇ ಹೊರಟಿತು. ಚೌಕವೇ ಶ್ರೇಷ್ಠವೇಕೆಂಬುದೂ ತಿಳಿಯಿತು.

ಸೂತ್ರವನ್ನೂ ಸಮಸ್ಯೆಯನ್ನೂ ಒಟ್ಟಿಗೆ ಇಡುವುದು ನಮ್ಮ ನಾಡಿಗೆ ಹೊಸತಲ್ಲ. ೯ನೆಯ ಶತಮಾನದಲ್ಲಿ, ನೃಪತುಂಗನ ಆಳ್ವಿಕೆಯಲ್ಲಿದ್ದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ನಿಯಮದ ಬೆನ್ನಿಗೇ ಉದಾಹರಣೆಯ ಲೆಕ್ಕಗಳು ಬರುತ್ತವೆ.

ಹಂಗೇರಿಯಲ್ಲಿ ಜನಿಸಿ ಅಮೆರಿಕದಲ್ಲಿ ಅಧ್ಯಾಪಕರಾಗಿದ್ದ ಜಾರ್ಜ್ ಪೋಲ್ಯ ಅವರು ೧೯೪೫ರಲ್ಲಿ ಪ್ರಕಟಿಸಿದ "ಹೌ ಟು ಸಾಲ್ವ್ ಇಟ್" ಎಂಬ ಗ್ರಂಥದಲ್ಲಿ ಸಮಸ್ಯೆ ಬಿಡಿಸುವ ನಾಲ್ಕು ಹಂತಗಳನ್ನು ಹೇಳಿದ್ದಾರೆ: ಸಮಸ್ಯೆಯನ್ನು ಅರಿತುಕೊಳ್ಳುವುದು, ಉಪಾಯವನ್ನು ಹೂಡುವುದು, ಅದನ್ನು ನಡೆಸುವುದು, ಕೊನೆಗೆ ಹಿಂತಿರುಗಿ ನೋಡುವುದು. ಪಾಠಗಳನ್ನು ಮುಗಿಸುವ ಆತುರದಲ್ಲಿ ಮೊದಲು ಬಿಟ್ಟುಹೋಗುವುದು ಈ ನಾಲ್ಕನೆಯದು. ಬಸ್ಸಿನ ಲೆಕ್ಕದಲ್ಲಿ ತಪ್ಪಿದ ಅನೇಕರಿಗೆ ಬೇಕಾಗಿದ್ದುದೂ ಅದೇ.

ಆದುದರಿಂದ ಪ್ರತಿದಿನ ಹತ್ತು ನಿಮಿಷ ಬಾಯಿಲೆಕ್ಕ ನಡೆಯಲಿ. ಒಂದೇ ಮಾದರಿಯ ಇಪ್ಪತ್ತು ಲೆಕ್ಕಗಳ ಬದಲು ಬಗೆಬಗೆಯ ಐದು ಲೆಕ್ಕಗಳಿರಲಿ. ಉತ್ತರ ಬಂದ ಮೇಲೂ ಎರಡು ನಿಮಿಷ ಉಳಿಯಲಿ. ತಂದೆತಾಯಿಗಳು ಎಷ್ಟು ಅಂಕ ಬಂತೆಂದು ಕೇಳುವಂತೆಯೇ, "ಈ ಉತ್ತರ ಸರಿಯೆಂದು ನಿನಗೆ ಹೇಗೆ ತಿಳಿಯಿತು?" ಎಂದೂ ಕೇಳಲಿ. ಅದಕ್ಕೆ ಗಣಿತದ ಪಾಂಡಿತ್ಯವೇನೂ ಬೇಕಿಲ್ಲ. ಮಗುವು ಹೇಳುವುದನ್ನು ಕೊನೆಯವರೆಗೂ ಕೇಳುವ ತಾಳ್ಮೆ ಇದ್ದರಾಯಿತು.