ಹಳೆಯ ಹೈಸ್ಕೂಲಿನ ವಿದ್ಯಾರ್ಥಿಜೀವನ

(ಧಾರವಾಡದ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಅರಸರ ಚರಿತ್ರೆಯನ್ನು ಬರೆದವರು ನಮ್ಮಲ್ಲಿ ಅನೇಕರಿದ್ದಾರೆ; ಶಿಲಾಶಾಸನಗಳನ್ನು ಓದುವ ಪಂಡಿತರಿಗೂ ಕೊರತೆಯಿಲ್ಲ. ಆದರೆ ಹೈಸ್ಕೂಲಿನ ಬೆಂಚಿನ ಮೇಲೆ ಕುಳಿತು ಕಲಿತ ಹುಡುಗರ ಚರಿತ್ರೆಯನ್ನು ಬರೆಯಬೇಕೆಂಬವರು ವಿರಳ. ನಾಡನ್ನು ಕಟ್ಟಿದವರು ಆ ಹುಡುಗರೇ ಎಂಬುದನ್ನು ನೆನೆದರೆ ಈ ಅಲಕ್ಷ್ಯವು ಸಣ್ಣ ತಪ್ಪಲ್ಲ. ಆದುದರಿಂದ ಧಾರವಾಡ ಸೀಮೆಯ ಹಳೆಯ ವಿದ್ಯಾರ್ಥಿಜೀವನವನ್ನು ಕುರಿತು ನಾಲ್ಕು ಮಾತುಗಳನ್ನು ಇಂದು ತಮ್ಮ ಮುಂದಿಡುತ್ತೇನೆ.

ಮೊದಲು ಭಾಷೆಯ ಮಾತು. ಪೇಶವೆಯರ ಆಳಿಕೆ ಕೊನೆಗೊಂಡು ಈ ಸೀಮೆಯು ಮುಂಬಯಿ ಇಲಾಖೆಗೆ ಸೇರಿದಾಗ ಸರಕಾರದ ಕಾಗದಗಳಲ್ಲಿ ನಮ್ಮ ನಾಡಿಗೆ ಇದ್ದ ಹೆಸರು ದಕ್ಷಿಣ ಮಹಾರಾಷ್ಟ್ರ! ಹೆಸರಿಗೆ ತಕ್ಕಂತೆ ಶಾಲೆಗಳಲ್ಲಿಯೂ ಮರಾಠಿಯೇ ಮುಂದಾಯಿತು. ಮನೆಯಲ್ಲಿ ತಾಯಿಯೊಡನೆ ಕನ್ನಡವನ್ನಾಡಿದ ಕೂಸು ಶಾಲೆಯ ಹೊಸ್ತಿಲನ್ನು ದಾಟಿದೊಡನೆ ಪರಭಾಷೆಯಲ್ಲಿ ಲೆಕ್ಕವನ್ನು ಒಪ್ಪಿಸಬೇಕಾಗಿತ್ತು. ಇದು ಅನ್ಯಾಯವೆಂದು ಮನಗಂಡು ತನ್ನ ಕೈಯಿಂದ ಹಣವನ್ನು ಹಾಕಿ ಧಾರವಾಡದಲ್ಲಿ ಕನ್ನಡ ಶಾಲೆಯನ್ನು ತೆರೆಯಿಸಿದವನು ವಾಲ್ಟರ್ ಎಲಿಯಟ್ ಎಂಬ ಆಂಗ್ಲ ಅಧಿಕಾರಿ. ಮುಂದೆ ವಿದ್ಯಾಖಾತೆಯ ರಸೆಲ್ ಸಾಹೇಬನೂ, ನಮ್ಮವರೇ ಆದ ಡೆಪ್ಯುಟಿ ಚನ್ನಬಸಪ್ಪನವರೂ ಈ ಕಾರ್ಯವನ್ನು ಕೈಗೆತ್ತಿಕೊಂಡರು. ಚನ್ನಬಸಪ್ಪನವರು ಊರೂರು ತಿರುಗಿ, ಕನ್ನಡ ಶಾಲೆಗಳನ್ನು ಹೆಚ್ಚಿಸಿ, ಕನ್ನಡ ಪುಸ್ತಕಗಳನ್ನು ಬರೆಯಿಸಿದ್ದಲ್ಲದೆ ಷೇಕ್ಸ್‌ಪಿಯರನ ನಾಟಕವೊಂದನ್ನು 1871ರಲ್ಲಿ ತಾವೇ ಕನ್ನಡಕ್ಕೆ ತಂದರು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದ್ದು ಈ ಬಿತ್ತನೆಯ ಬೆಳೆಯೇ ಸರಿ.

ಇನ್ನು ವಿದ್ಯಾರ್ಥಿಯ ದಿನಚರಿಯನ್ನು ನೋಡಿರಿ. ಹಳ್ಳಿಯ ಕನ್ನಡ ಶಾಲೆಯಲ್ಲಿ ಮುಲ್ಕಿ ಪರೀಕ್ಷೆಯನ್ನು ಮುಗಿಸಿದವನಿಗೆ ಮಾಸ್ತರಿಕೆಯೋ ತಲಾಠಿಯ ಚಾಕರಿಯೋ ದೊರೆಯುವ ಆಸೆಯಿತ್ತು. ಅದಕ್ಕೂ ಮುಂದೆ ಹೋಗಬೇಕೆಂಬವನು ನಾಲ್ಕು ಇಯತ್ತೆ ಕನ್ನಡ ಕಲಿತು ಇಂಗ್ಲಿಷ್ ಶಾಲೆಯನ್ನು ಸೇರಿ, ಏಳು ಇಯತ್ತೆಗಳನ್ನು ಹತ್ತಿ, ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ ಎಂಬ ಕೋಟೆಯನ್ನು ಗೆಲ್ಲಬೇಕು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಹುಟ್ಟಿದ್ದು 1917ರಲ್ಲಿ. ಅದಕ್ಕೆ ಮೊದಲು ಮೆಟ್ರಿಕ್ ಗೆದ್ದವನು ಪುಣೆಯ ಹಾದಿಯನ್ನೋ ಮುಂಬಯಿಯ ಹಾದಿಯನ್ನೋ ಹಿಡಿಯಬೇಕಾಗಿತ್ತು.

ಊರಿನಿಂದ ಬಂದ ಬಡ ಹುಡುಗನಿಗೆ ಪಾಠಕ್ಕಿಂತ ಊಟವೇ ದೊಡ್ಡ ಪ್ರಶ್ನೆ. ಸಂತೆಯ ದಿನ ಬರುವ ಗಾಡಿಯಲ್ಲಿ ಮನೆಯವರು ರೊಟ್ಟಿಯ ಗಂಟನ್ನೂ ಚಟ್ನಿಪುಡಿಯನ್ನೂ ಕಳುಹಿಸುವರು. ವಾರದ ಕೊನೆಗೆ ಒಣಗಿ ಕಟಕಲಾದ ರೊಟ್ಟಿಯನ್ನು ನೀರಿನಲ್ಲಿ ನೆನೆಯಿಟ್ಟು ತಿನ್ನುವುದು. ಅದೂ ಇಲ್ಲದವರಿಗೆ ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಒಂದು ಮನೆ ತಪ್ಪಿದರೆ ಆ ದಿನ ಏಕಾದಶಿ. ರಾತ್ರಿ ಓದಲಿಕ್ಕೆ ಗುಡಿಯ ದೀಪ, ಇಲ್ಲವೆ ನಾಲ್ವರು ಕೂಡಿ ಹಚ್ಚಿದ ಒಂದು ಚಿಮಣಿ. ಇಷ್ಟು ಕಷ್ಟದಲ್ಲಿ ಕಲಿತು ದೊಡ್ಡವರಾದವರನ್ನು ಕಂಡು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆಪಡಬೇಕಾದದ್ದೇ!

ಆದರೆ ಮಹನೀಯರೇ, ಹೊಗಳಿಕೆಯ ಭರದಲ್ಲಿ ಸತ್ಯವನ್ನು ಮರೆಮಾಚಬಾರದು. ವಾರಾನ್ನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಜಾತಿಯನ್ನು ಕೇಳಿಯೇ ಎಲೆಯನ್ನು ಹಾಕುತ್ತಿದ್ದರು. ಊಟದ ಮಾತಿರಲಿ, ಶಾಲೆಯ ಬಾಗಿಲೇ ಕೆಲವರಿಗೆ ಮುಚ್ಚಿತ್ತು. 1856ರ ಜೂನ್ ತಿಂಗಳಲ್ಲಿ ಇದೇ ಧಾರವಾಡದ ಸರಕಾರೀ ಶಾಲೆಗೆ ಮಹಾರ ಜಾತಿಯ ಹುಡುಗನೊಬ್ಬನು ಪ್ರವೇಶವನ್ನು ಬೇಡಿದನು. ನ್ಯಾಯವು ಆತನ ಕಡೆಗಿದೆಯೆಂದು ಒಪ್ಪಿಯೂ, ಒಬ್ಬನಿಗಾಗಿ ಶಾಲೆಯೇ ಬರಿದಾದೀತೆಂಬ ಭಯದಿಂದ, ಮುಂಬಯಿ ಸರಕಾರವು ಅವನನ್ನು ಹೊರಗೇ ನಿಲ್ಲಿಸಿತು. ವಿಷಯವು ಕಲಕತ್ತೆಗೂ ಅಲ್ಲಿಂದ ವಿಲಾಯತಿಗೂ ಹೋಗಿ, ಸರಕಾರೀ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕೆಂಬ ತತ್ತ್ವವು ಕಾಗದದ ಮೇಲೆ ಸ್ಥಿರವಾಯಿತು. ಕಾಗದದ ಮೇಲಿನದು ಬೆಂಚಿನ ಮೇಲೆ ಬರಲಿಕ್ಕೆ ಮತ್ತೆಷ್ಟು ದಶಕಗಳು ಬೇಕಾದವೆಂಬುದು ತಮಗೆ ಗೊತ್ತೇ ಇದೆ. ಧಾರವಾಡದ ವಿದ್ಯಾರ್ಥಿಜೀವನದ ಚರಿತ್ರೆಯನ್ನು ಬರೆಯುವವನು ಮೊದಲನೆಯ ಪುಟದಲ್ಲಿ, ಶಾಲೆಯ ಹೊರಗೆ ನಿಂತ ಆ ಹುಡುಗನನ್ನು ನೆನೆಯಬೇಕು.

ಈ ಕೊರತೆಯನ್ನು ತುಂಬಲಿಕ್ಕೆ ಅಲ್ಪಸ್ವಲ್ಪವಾದರೂ ಯತ್ನಗಳು ನಡೆದವು. ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದವು. ಧಾರವಾಡದ ಮುರುಘಾಮಠದಲ್ಲಿ ಉಂಡು ಕಲಿತ ಬಡವರ ಮಕ್ಕಳು ಅಸಂಖ್ಯರು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ತರುಣ ವಿದ್ಯಾವಂತರು ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿ, ದುಡಿದದ್ದನ್ನು ಅದಕ್ಕೇ ಸುರಿದರು. ಅನ್ನವಿಲ್ಲದೆ ಅಕ್ಷರವಿಲ್ಲವೆಂಬ ತತ್ತ್ವವನ್ನು ಇವರು ಅರಿತಿದ್ದರು.

ಅತ್ತ 1905ರ ವಂಗಭಂಗದಿಂದ ದೇಶವೆಲ್ಲ ಹೊತ್ತಿಕೊಂಡಾಗ ನಮ್ಮ ಹೈಸ್ಕೂಲುಗಳಲ್ಲಿಯೂ ಸ್ವದೇಶಿಯ ಕಿಡಿ ಬಿದ್ದಿತು. ವಿದ್ಯಾರ್ಥಿಗಳು ರಾಜಕೀಯ ಸಭೆಗಳಿಗೆ ಹೋಗದಂತೆ 1907ರಲ್ಲಿ ರಿಸ್ಲೆಯ ಸುತ್ತೋಲೆ ಹೊರಟಿತು. ಸುತ್ತೋಲೆಯಿಂದ ಕಾಲು ನಿಂತಾವು, ಮನಸ್ಸು ನಿಂತೀತೇ? ವಕೀಲಿಯನ್ನು ಬಿಟ್ಟು ನಾಡಿಗಾಗಿ ಬಾಳಿದ ಆಲೂರು ವೆಂಕಟರಾಯರು ರಾಷ್ಟ್ರೀಯ ಶಿಕ್ಷಣದ ಶಾಲೆಯನ್ನು ನಡೆಯಿಸಿದರು. 1917ರಲ್ಲಿ ಅವರು ಬರೆದ ಕರ್ನಾಟಕ ಗತವೈಭವವು, ಇಂಗ್ಲೆಂಡಿನ ಅರಸರ ಪಟ್ಟಿಯನ್ನು ಬಾಯಿಪಾಠ ಮಾಡಿದ್ದ ಹುಡುಗನಿಗೆ ಪುಲಿಕೇಶಿಯನ್ನೂ ಕೃಷ್ಣದೇವರಾಯನನ್ನೂ ತೋರಿಸಿಕೊಟ್ಟಿತು. ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಬೇಂದ್ರೆಯವರೂ ಮುಂದೆ ಶಂ. ಬಾ. ಜೋಶಿಯವರೂ ಉಪಾಧ್ಯಾಯರಾಗಿದ್ದರೆಂದರೆ ಆ ತರಗತಿಗಳ ಕನ್ನಡ ಹೇಗಿದ್ದೀತೆಂದು ಊಹಿಸಿಕೊಳ್ಳಿರಿ.

1920ರಲ್ಲಿ ಅಸಹಕಾರದ ಕರೆ ಬಂದೊಡನೆ ಶಾಲೆಯನ್ನು ಬಿಟ್ಟ ಹುಡುಗರಲ್ಲಿ ಕೆಲವರು ಮರಳಿ ಹೋದರು, ಕೆಲವರು ಕೊನೆಯವರೆಗೂ ಹೋಗಲಿಲ್ಲ. 1924ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಮಹಾತ್ಮರೇ ಅಧ್ಯಕ್ಷರು. ಡಾಕ್ಟರ್ ಹರ್ಡೀಕರರ ಸೇವಾದಳದ ಸ್ವಯಂಸೇವಕರಲ್ಲಿ ವಿದ್ಯಾರ್ಥಿಗಳು ತುಂಬಿದ್ದರು. ಹುಯಿಲಗೋಳ ನಾರಾಯಣರಾಯರ ನಾಡಗೀತೆಯನ್ನು ಅಲ್ಲಿ ಕೇಳಿದ ಎಳೆಯರು ಏಕೀಕರಣದ ಮಂತ್ರವನ್ನು ತಮ್ಮ ಊರುಗಳಿಗೆ ಒಯ್ದರು. ನಿಜಾಮನ ಸೀಮೆಯ ಕನ್ನಡ ಹುಡುಗನಿಗಂತೂ ಉರ್ದುವೇ ವಿದ್ಯೆಯ ಬಾಗಿಲಾಗಿತ್ತು. 1938ರಲ್ಲಿ ವಂದೇ ಮಾತರಂ ಹಾಡಿದ ಅಪರಾಧಕ್ಕಾಗಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಹೊರಹಾಕಿದಾಗ, ನಾಗಪುರದ ವಿಶ್ವವಿದ್ಯಾಲಯವು ಅವರನ್ನು ಕರೆದು ಸೇರಿಸಿಕೊಂಡಿತು. 1942ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಶಾಲಾ ಬಾಲಕ ನಾರಾಯಣ ಡೋಣಿಯೂ, 1947ರ ಸೆಪ್ಟೆಂಬರದಲ್ಲಿ ಮೈಸೂರಿನ ವಿದ್ಯಾರ್ಥಿ ರಾಮಸ್ವಾಮಿಯೂ ಗುಂಡಿಗೆ ಎದೆಯೊಡ್ಡಿದರು. ಒಬ್ಬನು ಮುಂಬಯಿ ಇಲಾಖೆಯವನು, ಒಬ್ಬನು ಮೈಸೂರು ಸಂಸ್ಥಾನದವನು, ನೆತ್ತರಿಗೆ ಗಡಿಯುಂಟೇ?

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಕಾಸರಗೋಡಿನಂಥ ಭಾಗವು ಹೊರಗುಳಿದ ನೋವಿದ್ದರೂ ಹಿರಿಯರ ಕನಸು ಬಹುಮಟ್ಟಿಗೆ ಕೈಗೂಡಿತು. ಆದರೆ ನಾಡು ಒಂದಾದ ಮಾತ್ರಕ್ಕೆ ನಾಡಿನ ನೆನಪು ಒಂದಾಗುವುದಿಲ್ಲ. ನಾನು ವಕೀಲ, ಸಾಕ್ಷ್ಯವಿಲ್ಲದ ಮಾತು ಎಷ್ಟೇ ಸತ್ಯವಾಗಿದ್ದರೂ ನ್ಯಾಯಾಸನದ ಮುಂದೆ ನಿಲ್ಲದೆಂಬುದನ್ನು ದಿನವೂ ಕಾಣುತ್ತೇನೆ. ನಮ್ಮ ವಿದ್ಯಾರ್ಥಿಗಳು ಏನನ್ನು ಉಂಡರು, ಯಾವ ಭಾಷೆಯಲ್ಲಿ ಕಲಿತರು, ಯಾರನ್ನು ಒಳಗೆ ಬಿಟ್ಟರು, ಯಾರನ್ನು ಹೊರಗಿಟ್ಟರು ಎಂಬುದಕ್ಕೆ ಸಾಕ್ಷ್ಯವೆಲ್ಲಿದೆ? ತಮ್ಮ ಶಾಲೆಗಳ ಕಪಾಟಿನಲ್ಲಿದೆ. ಹಳೆಯ ದಾಖಲೆ ಪುಸ್ತಕಗಳು, ಕೈಬರಹದ ಮಾಸಿಕಗಳು, ಸ್ನೇಹಸಮ್ಮೇಲನದ ವರದಿಗಳು ಗೆದ್ದಲಿಗೆ ಆಹಾರವಾಗುತ್ತಿವೆ. ಕೆಲವೆಡೆ ರದ್ದಿಯ ಅಂಗಡಿಯನ್ನೂ ಸೇರಿವೆ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೇ. ತಮ್ಮ ಶಾಲೆಯ ಅತ್ಯಂತ ಹಳೆಯ ಪುಸ್ತಕವನ್ನು ಈ ವಾರವೇ ಹೊರತೆಗೆದು ಧೂಳನ್ನು ಕೊಡವಿರಿ. ದೊಡ್ಡ ಇಯತ್ತೆಯ ಹುಡುಗರಿಂದ ಅದರ ನಕಲನ್ನು ಮಾಡಿಸಿರಿ. ಊರಿನಲ್ಲಿ ಬದುಕಿರುವ ಹಿರಿಯ ವಿದ್ಯಾರ್ಥಿಗಳ ನೆನಪುಗಳನ್ನು ಬರೆದಿಡಿರಿ. ಮತ್ತು ಇಂದು ತಮ್ಮ ತರಗತಿಯಲ್ಲಿ ಹಸಿದು ಕುಳಿತ ಹುಡುಗನು ಯಾರೆಂದು ಕಂಡುಕೊಳ್ಳಿರಿ. ವಾರಾನ್ನವನ್ನು ಉಂಡವರ ಋಣವನ್ನು ನಾವು ತೀರಿಸುವ ದಾರಿ ಅದೊಂದೇ. ಈ ಸಲ ಮಾತ್ರ ಜಾತಿಯನ್ನು ಕೇಳದೆ ಎಲೆಯನ್ನು ಹಾಕೋಣ.