ಹಗೇವಿನ ಬಾಯಿ ಎಲ್ಲಿದೆ?

ತಿಕೋಟಾ, ಬಬಲೇಶ್ವರದ ಕಡೆಯಿಂದ ನಸುಕಿನ ಬಸ್ಸು ಹಿಡಿದು ಬಂದಿರುವ ತಾಯಿ ತಂದೆಯರೇ, ಇವತ್ತು ಪದವಿ ಪಡೆಯುತ್ತಿರುವ ಮಕ್ಕಳೇ,

ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಕೂತು ನಿವೃತ್ತಳಾದವಳು ನಾನು. ಘಟಿಕೋತ್ಸವಕ್ಕೆ ತಕ್ಕ ದೊಡ್ಡ ಮಾತು ನನ್ನ ಹತ್ತಿರ ಏನಿದೆ ಎಂದು ಹುಡುಕಿದೆ, ಸಿಗಲಿಲ್ಲ. ಗೊತ್ತಿರುವುದು ಮನೆಯ ದುಡ್ಡಿನ ಲೆಕ್ಕ. ಅದನ್ನೇ ಮಾತಾಡುತ್ತೇನೆ.

ನಿಮ್ಮಲ್ಲಿ ಹಗೇವು ನೋಡಿದವರು ಎಷ್ಟು ಜನ? ಐದಾರು ಕೈ ಎದ್ದವು, ಪರವಾಗಿಲ್ಲ. ನೋಡದವರಿಗಾಗಿ ಹೇಳುತ್ತೇನೆ. ಗಟ್ಟಿ ನೆಲದಲ್ಲಿ ಗಡಿಗೆಯ ಆಕಾರಕ್ಕೆ ತೋಡಿದ ಕುಣಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ನಮ್ಮ ಡೋಣಿ ಹೊಳೆಯ ಸೀಮೆಯಲ್ಲಿ, ಡೋಣಿ ಬೆಳೆದರೆ ಓಣಿ ತುಂಬ ಕಾಳು ಎನ್ನುತ್ತೇವೆ. ಡೋಣಿ ಬೆಳೆಯದ ವರ್ಷಕ್ಕೆ ನಮ್ಮ ಹಿರಿಯರು ಗಾದೆ ಕಟ್ಟುತ್ತ ಕೂರಲಿಲ್ಲ, ಹಗೇವು ತೋಡಿದರು. 1876ರಿಂದ 78ರವರೆಗಿನ ಬರದಲ್ಲಿ ಈ ಸೀಮೆ ಕಂಡ ಸಾವುಗಳು ಎಷ್ಟೋ ತಲೆಮಾರಿನವರೆಗೆ ಮನೆಮಾತಾಗಿದ್ದವು.

ಹಗೇವು ತೆಗೆಯುವಾಗ ಯಾರೂ ನೇರವಾಗಿ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು, ಗಾಳಿ ಆಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದು ಲೆಕ್ಕ. ಇಷ್ಟು ಜಾಗ್ರತೆ ಇದ್ದ ನಮ್ಮ ಊರುಗಳಲ್ಲೂ ಒಂದು ತಪ್ಪು ಆಗುತ್ತಿತ್ತು. ಹಗೇವು ಎಲ್ಲಿದೆ ಎಂದು ಬಲ್ಲ ಯಜಮಾನ ತೀರಿಕೊಂಡರೆ ಮನೆಯವರು ಅದರ ಮೇಲೇ ಓಡಾಡುತ್ತಿದ್ದರು. ಯಾವುದೋ ಮಳೆಗಾಲದಲ್ಲಿ ನೆಲ ಕುಸಿದು ಎಮ್ಮೆ ಒಳಗೆ ಬಿದ್ದಾಗಲೇ, ಅಯ್ಯೋ, ಇಲ್ಲೊಂದು ಹಗೇವು ಇತ್ತಲ್ಲ ಎಂದು ನೆನಪಾಗುತ್ತಿತ್ತು.

ನನ್ನ ಕೌಂಟರಿಗೆ ಒಮ್ಮೆ ಅಂಥದ್ದೇ ಒಂದು ಮನೆ ಬಂತು. ತಿಕೋಟಾ ಕಡೆಯ ದ್ರಾಕ್ಷಿ ತೋಟದವರು. ಗಂಡ ತೀರಿಕೊಂಡು ಹದಿನೈದು ದಿನವಾಗಿತ್ತು. ಆಕೆ ಕಟ್ಟೆಯ ಮೇಲೆ ಅರಿವೆಯ ಗಂಟು ಬಿಚ್ಚಿದಳು. ಮೂರು ಪಾಸ್‌ಬುಕ್ಕು. ಎರಡು ಠೇವಣಿ ರಸೀದಿ, ಒಂದರಲ್ಲೂ ನಾಮಿನಿ ಇಲ್ಲ. ಕಂತು ಕಟ್ಟದೆ ನಿಂತುಹೋದ ವಿಮೆಯ ಕಾಗದ. ಔಷಧಿ ಅಂಗಡಿಯ ಉದ್ರಿ ಚೀಟಿ. ಕೈಗಡ ಕೊಟ್ಟವರು ಆಗಲೇ ಮನೆಗೆ ಬಂದು ಹೋಗಿದ್ದರು. ಕೈಗಡ ಇಸಕೊಂಡವರು ಮಾತ್ರ ಯಾರೂ ಬಂದಿರಲಿಲ್ಲ. “ಲೆಕ್ಕ ಎಲ್ಲಾ ಅವರಿಗೇ ಗೊತ್ತಿತ್ರೀ ಮೇಡಮ್ಮಾರ” ಎಂದಳು. ಆಕೆ ಬಿ.ಎ. ಓದಿದವಳು. ಅದಕ್ಕೇ ಇವತ್ತು, ನಿಮ್ಮ ಕೈಯಲ್ಲಿ ಪ್ರಮಾಣಪತ್ರ ಇರುವಾಗ, ಈ ಮಾತು ತೆಗೆದೆ.

ಆಕೆಯ ಗಂಡ ದುಂದುಗಾರನಲ್ಲ. ದ್ರಾಕ್ಷಿಯವರ ಕಷ್ಟ ನಿಮ್ಮಲ್ಲಿ ಅನೇಕರಿಗೆ ನನಗಿಂತ ಚೆನ್ನಾಗಿ ಗೊತ್ತು. ಬಳ್ಳಿ ಸವರುವ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಗೊಬ್ಬರ, ಔಷಧಿ, ಆಳಿನ ಪಗಾರ ಅಂತ ಖರ್ಚು ವರ್ಷವಿಡೀ. ದುಡ್ಡು ಬರುವುದು ಒಂದೇ ಸಲ. ನಾಲ್ಕು ಕಿಲೋ ಹಸಿದ್ರಾಕ್ಷಿ ಶೆಡ್ಡಿನಲ್ಲಿ ಒಣಗಿ ಒಂದು ಕಿಲೋ ಮಣೂಕ ಆಗುತ್ತದೆ. ಒಣಗುವ ಹೊತ್ತಿಗೆ ಅಕಾಲಿಕ ಮಳೆ ಬಿದ್ದರೆ ಬಣ್ಣ ಹೋಯಿತು, ದರ ಹೋಯಿತು. ಆಗ ಕೈ ಹೋಗುವುದು ನೂರಕ್ಕೆ ಮೂರರ ಬಡ್ಡಿಗೆ. ಮೂರು ಎಂದರೆ ಸಣ್ಣದಾಗಿ ಕೇಳಿಸುತ್ತದೆ. ಅದು ತಿಂಗಳ ಲೆಕ್ಕ. ಒಂದು ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ ಬಡ್ಡಿ, ಅಸಲು ಹಾಗೇ ಕೂತಿರುತ್ತದೆ. ಈ ಗುಣಾಕಾರವನ್ನು ಮನೆಯಲ್ಲಿ ಒಬ್ಬರಾದರೂ ಗಟ್ಟಿಯಾಗಿ ಮಾಡಿ ತೋರಿಸಬೇಕಿತ್ತು. ಆ ಮನೆಯಲ್ಲಿ ಮಾಡಬಲ್ಲವಳಿದ್ದಳು, ಯಾರೂ ಕೇಳಿರಲಿಲ್ಲ.

ಇದೇ ಬಡ್ಡಿಯ ಹಿಡಿತ ಸಡಿಲಿಸಲೆಂದೇ ಸಹಕಾರಿ ಬ್ಯಾಂಕುಗಳು ಬಂದವು. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದರು. ಈ ಊರಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಶುರುಮಾಡಿದರು. ಅದೇ ಹಳಕಟ್ಟಿಯವರು ವಚನಗಳ ಅಚ್ಚಿಗಾಗಿ ಇದ್ದ ಮನೆ ಮಾರಿ ಬಾಡಿಗೆ ಮನೆಯಲ್ಲಿ ಬದುಕಿದರು. ಭಾಷಣಗಳಲ್ಲಿ ಈ ಸಂಗತಿ ಬಂದಾಗ ಎಲ್ಲರೂ ಚಪ್ಪಾಳೆ ಹೊಡೆಯುತ್ತೇವೆ. ನಾನೂ ಹೊಡೆದಿದ್ದೇನೆ. ಆದರೆ ತಿಂಗಳ ಕೊನೆಗೆ ಆ ಬಾಡಿಗೆ ಮನೆಯ ಒಲೆಯ ಮುಂದೆ ಕೂತವರ ಲೆಕ್ಕ ಹೇಗಿತ್ತೋ ಎಂಬ ಯೋಚನೆ ನನಗೆ ಬಿಡುವುದಿಲ್ಲ. ಬ್ಯಾಂಕಿನವಳ ಚಾಳಿ, ಕ್ಷಮಿಸಿ.

ಉಳಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದಾಗಿ ಕಲಿಸಬೇಕಿಲ್ಲ. ಸಾಸಿವೆ ಡಬ್ಬಿ, ಭಿಶಿ, ಸ್ವಸಹಾಯ ಸಂಘ, ಪಿಗ್ಮಿ, ಎಲ್ಲಾ ಗೊತ್ತು. ಪಿಗ್ಮಿ ನಮ್ಮ ಕರ್ನಾಟಕದ್ದೇ ಉಪಾಯ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕಿನವರು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಬಂದು ಕಟ್ಟಿಸಿಕೊಳ್ಳತೊಡಗಿದರು. ಆದರೆ ತಿಳಿದಿರಬೇಕಾದ್ದು ದುಡ್ಡು ಯಾರ ಹತ್ತಿರ ಕೂತಿದೆ ಎಂಬುದು. ಬ್ಯಾಂಕಿನಲ್ಲಿದ್ದರೆ ಒಬ್ಬರಿಗೆ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರುವರಿಗೆ ಮುಂಚೆ ಅದು ಒಂದೇ ಲಕ್ಷವಿತ್ತು. ಓಣಿಗೊಂದು ಬೋರ್ಡು ಹಾಕಿರುವ ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಅವುಗಳಲ್ಲಿ ಒಳ್ಳೆಯವೂ ಇವೆ. ಅರ್ಧ ಪರ್ಸೆಂಟು ಹೆಚ್ಚಿಗೆ ಕೊಡುತ್ತಾರೆಂದು ಮಗಳ ಮದುವೆಯ ದುಡ್ಡನ್ನೆಲ್ಲ ಒಂದೇ ಕಡೆ ಸುರಿಯಬೇಡಿ, ಅಷ್ಟೇ. ಇಡುವ ಮುಂಚೆ ಕಂದೀಲು ಇಳಿಸಿ ನೋಡಿ.

ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತವೆ. ಅದನ್ನು ವಾರಸುದಾರರು ಹುಡುಕಲು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣ ತೆರೆದರು. ಹಕ್ಕು ಹೋಗುವುದಿಲ್ಲ, ಕೇಳಿದರೆ ಕೊಡುತ್ತಾರೆ. ಕೇಳಬೇಕಾದವರಿಗೆ ಗೊತ್ತೇ ಇರುವುದಿಲ್ಲ. ದೇಶದಲ್ಲಿ ಇಂಥ ಮರೆತ ಹಗೇವುಗಳು ಎಷ್ಟೋ! ಈಗ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಬರೆಸಬಹುದು. 2025ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಅರ್ಜಿ ತುಂಬಲು ಐದು ನಿಮಿಷ. ಮೊಬೈಲಿನ ಕಂತು, ಬೈಕಿನ ಕಂತು ಎಷ್ಟು ಎಂದು ಅಪ್ಪನಿಗೆ ಹೇಳದ ಮಕ್ಕಳೂ ಇಲ್ಲಿ ಕೂತಿದ್ದಾರೆ. ಲೆಕ್ಕ ಮುಚ್ಚಿಡುವುದು ಅಪ್ಪಂದಿರದಷ್ಟೇ ರೋಗ ಅಲ್ಲ.

ಆ ದ್ರಾಕ್ಷಿ ತೋಟದ ತಾಯಿಯ ಠೇವಣಿ ಕೈಗೆ ಬರಲು ಎಂಟು ತಿಂಗಳು ಹಿಡಿಯಿತು. ಎರಡು ವರ್ಷದ ಮೇಲೆ ಮತ್ತೆ ಬಂದಳು, ಈ ಸಲ ಇನ್ನೂರು ಪುಟದ ನೋಟ್‌ಬುಕ್ಕು ಹಿಡಿದು. ಮೊದಲ ಪುಟದಲ್ಲಿ ಖಾತೆ ನಂಬರು, ಸಾಲ, ಉದ್ರಿ, ಯಾರಿಂದ ಎಷ್ಟು ಬರಬೇಕು, ಎಲ್ಲಾ ಬರೆದಿದ್ದಳು. ಕೆಳಗಡೆ, “ಟ್ರಂಕಿನ ಕೀಲಿ ಜೋಳದ ಡಬ್ಬಿಯಾಗ ಐತಿ.” ಅದನ್ನು ಯಾರೋ ಪೆನ್ಸಿಲಿನಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ಗುಂಡಗೆ ಬರೆದಿದ್ದರು: “ಈಗ ಅಲ್ಲಿಲ್ಲ. ದೇವರ ಜಗಲಿ ಮ್ಯಾಲೆ.” ಯಾರ ಅಕ್ಷರ ಎಂದು ಕೇಳಿದೆ. ಏಳನೇ ಇಯತ್ತೆ ಓದುವ ಮಗಳದಂತೆ.