ಮೂರು ವರ್ಷದ ಮಗು, ಎರಡು ನುಡಿ

(ಬೆಂಗಳೂರಿನಲ್ಲಿ ನಡೆದ ಬಾಲವಾಡಿ ಶಿಕ್ಷಕಿಯರ ತರಬೇತಿ ಶಿಬಿರವೊಂದರಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಪಠ್ಯ)



ನಾನು ಶಿಕ್ಷಣತಜ್ಞೆಯಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮುಗಿಸಿ ವರದಿಗಾರಿಕೆಗೆ ಬಂದವಳು. ಇಪ್ಪತ್ತೆಂಟು ಮಕ್ಕಳನ್ನು ಒಂದು ಕೋಣೆಯಲ್ಲಿ ಹಿಡಿದಿಡುವ ಕಷ್ಟ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೂ ಸಂಚಾಲಕರು ನನ್ನನ್ನು ಕರೆದದ್ದಕ್ಕೆ ಕಾರಣವಿದೆ. ಕೂಲಿಕಾರರ ಮಕ್ಕಳಿಗಾಗಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ನಡೆಯುವ ಮಾಂಟೆಸ್ಸರಿ ಮನೆಯೊಂದರ ಬಗ್ಗೆ ಬರೆಯಲು ಹೋಗಿದ್ದೆ. ಒಂದು ದಿನದ ಕೆಲಸವೆಂದು ಹೋದವಳು ಎಂಟು ದಿನ ಅಲ್ಲೇ ಚಾಪೆಯ ಮೇಲೆ ಕೂತೆ. ಅಲ್ಲಿ ಕಂಡದ್ದನ್ನು ಹೇಳುವ ಮೊದಲು ಸ್ವಲ್ಪ ಇತಿಹಾಸ ಹೇಳಲು ಅಪ್ಪಣೆ ಕೊಡಿ.

ಮಾಂಟೆಸ್ಸರಿ ಎಂದ ಕೂಡಲೇ ನಮಗೆ ನೆನಪಾಗುವುದು ದೊಡ್ಡ ಬಡಾವಣೆ, ಬಣ್ಣದ ಗೇಟು, ಕಾರಿನಿಂದ ಇಳಿಯುವ ಮಗು. ಆದರೆ ಈ ಪದ್ಧತಿ ಹುಟ್ಟಿದ್ದು ಕೇರಿಯಲ್ಲಿ. 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಕಾರ್ಮಿಕರ ಬಡಾವಣೆಯಲ್ಲಿ ಮೊದಲ 'ಮಕ್ಕಳ ಮನೆ' ತೆರೆಯಿತು. ಅಲ್ಲಿನ ಹಳೆಯ ವಠಾರಗಳನ್ನು ದುರಸ್ತಿ ಮಾಡಿಸಿ ಬಾಡಿಗೆಗೆ ಕೊಟ್ಟಿದ್ದ ಸಂಸ್ಥೆಗೆ ಒಂದು ತಲೆನೋವಿತ್ತು. ಅಪ್ಪ ಅಮ್ಮ ಕೂಲಿಗೆ ಹೊರಟ ಮೇಲೆ, ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳು ಮೆಟ್ಟಿಲು, ಗೋಡೆಗಳನ್ನೆಲ್ಲ ಹಾಳುಗೆಡವುತ್ತಿದ್ದರು. ಗೋಡೆಗೆ ಮತ್ತೆ ಮತ್ತೆ ಸುಣ್ಣ ಬಳಿಸುವ ಬದಲು ಆ ಹಣದಲ್ಲಿ ಮಕ್ಕಳನ್ನೇ ಒಂದು ಕೋಣೆಯಲ್ಲಿ ಕೂರಿಸಿದರೆ ಆಗದೆ ಎಂಬ ಲೆಕ್ಕಾಚಾರ ಅವರದು. ಹೊಣೆ ಹೊತ್ತವರು ಮೂವತ್ತಾರು ವರ್ಷದ ವೈದ್ಯೆ ಮಾರಿಯಾ ಮಾಂಟೆಸ್ಸರಿ. ಮಕ್ಕಳನ್ನು ನೋಡಿಕೊಳ್ಳಲು ಮೊದಲು ಸಿಕ್ಕಿದ್ದು ತರಬೇತಿ ಪಡೆದ ಶಿಕ್ಷಕಿಯಲ್ಲ, ಆ ಕಟ್ಟಡದ ಕಾವಲುಗಾರನ ಮಗಳು. ನಿಮ್ಮಲ್ಲಿ 'ನಾವು ಟಿ.ಸಿ.ಎಚ್. ಮಾಡಿಲ್ಲವಲ್ಲ' ಎಂದು ಅಳುಕುವವರು ಇದ್ದರೆ ಇದನ್ನು ನೆನಪಿಡಿ.

ಆ ಮನೆಯ ನಿಯಮಗಳನ್ನು ಓದಿದರೆ ಆಶ್ಚರ್ಯವಾಗುತ್ತದೆ. ಶುಲ್ಕವಿಲ್ಲ. ಆದರೆ ತಾಯಂದಿರು ಮಗುವಿಗೆ ಸ್ನಾನ ಮಾಡಿಸಿ, ಶುಭ್ರವಾದ ಬಟ್ಟೆ ತೊಡಿಸಿ ಕಳಿಸಬೇಕು. ವಾರಕ್ಕೊಮ್ಮೆಯಾದರೂ ಬಂದು ಶಿಕ್ಷಕಿಯೊಡನೆ ಮಾತನಾಡಬೇಕು. ಪುಕ್ಕಟೆ ಕೊಟ್ಟರೂ ತಾಯಿಯನ್ನು ಪಾಲುಗಾರ್ತಿಯಾಗಿಯೇ ಕಂಡರು. ಮಾಂಟೆಸ್ಸರಿಯವರೇ ಬರೆದಿರುವ ಒಂದು ಪ್ರಸಂಗ ನನಗೆ ಬಹಳ ಹಿಡಿಸಿತು. ಒಂದು ದಿನ ಅವರು ಮಕ್ಕಳಿಗೆ ಮೂಗು ಒರೆಸಿಕೊಳ್ಳುವುದು ಹೇಗೆಂದು ಪಾಠ ಮಾಡಿದರು. ಕರವಸ್ತ್ರ ಹಿಡಿಯುವ ಬಗೆ, ಸದ್ದಾಗದಂತೆ ಮೂಗು ಸ್ವಚ್ಛ ಮಾಡಿಕೊಳ್ಳುವ ಬಗೆ, ಅಷ್ಟೆ. ಪಾಠ ಮುಗಿದಾಗ ಮಕ್ಕಳು ನಾಟಕ ನೋಡಿದವರಂತೆ ಚಪ್ಪಾಳೆ ತಟ್ಟಿದರಂತೆ. ಸುರಿಯುವ ಮೂಗಿಗಾಗಿ ದಿನವೂ ಬೈಸಿಕೊಂಡ ಮಕ್ಕಳವು. ಅಲ್ಲಿಯತನಕ ಯಾರೂ ಅವಕ್ಕೆ ಅವಮಾನ ಮಾಡದೆ ಅದನ್ನು ಕಲಿಸಿರಲಿಲ್ಲ.

ಈ ಪದ್ಧತಿ ಭಾರತದ ಬಡವರ ಅಂಗಳಕ್ಕೆ ಬಂದ ಬಗೆಯೂ ಕುತೂಹಲಕರ. 1939ರ ಕೊನೆಗೆ ಮಾಂಟೆಸ್ಸರಿ ಮದರಾಸಿನ ಅಡ್ಯಾರಿಗೆ ಬಂದದ್ದು, ಮಹಾಯುದ್ಧದಿಂದಾಗಿ ಇಲ್ಲೇ ಉಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದಕ್ಕೂ ಮೊದಲೇ ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದಿದ್ದರು. 1931ರಲ್ಲಿ ಲಂಡನ್ನಿನಲ್ಲಿ ಮಾಂಟೆಸ್ಸರಿಯವರ ಶಿಕ್ಷಕರೆದುರು ಮಾತನಾಡಿದ ಗಾಂಧೀಜಿ, ಈ ಶಿಕ್ಷಣ ಸಿರಿವಂತರ ಮಕ್ಕಳಿಗಷ್ಟೇ ಅಲ್ಲದೆ ಕಡುಬಡವರ ಮಕ್ಕಳಿಗೂ ಸಿಗುವಂತಾಗಲಿ ಎಂಬ ಆಸೆ ತೋಡಿಕೊಂಡಿದ್ದರು. ಆ ಆಸೆಯನ್ನು ಕೈಗೆತ್ತಿಕೊಂಡವರು ಗಿಜುಭಾಯಿಯವರ ಸಹೋದ್ಯೋಗಿ ತಾರಾಬಾಯಿ ಮೋಡಕ್. 1945ರಲ್ಲಿ ಅವರು ಅನುತಾಯಿ ವಾಘ್ ಅವರನ್ನು ಜೊತೆಗಿಟ್ಟುಕೊಂಡು ಮುಂಬಯಿಗೆ ಉತ್ತರದ ಬೋರ್ಡಿ ಎಂಬ ಹಳ್ಳಿಯಲ್ಲಿ ಬಾಲವಾಡಿ ಹಾಕಿದರು. ಬಾಲವಾಡಿಯೇನೋ ಆಯಿತು, ಕೇರಿಯ ಮಕ್ಕಳು ಬರಲಿಲ್ಲ. ಮಕ್ಕಳು ಬಾರದಿದ್ದರೆ ಬಾಲವಾಡಿಯೇ ಹೋಗಲಿ ಎಂದು ಅವರ ಮನೆಯಂಗಳಕ್ಕೇ ಅದನ್ನು ಒಯ್ದರು. ವಿದೇಶದ ಮರದ ಸಾಮಾನಿನ ಬದಲು ಎಲೆ, ಬೀಜ, ಕಪ್ಪೆಚಿಪ್ಪು ಬಳಸಿದರು. ಅಂಗಳದ ಬಾಲವಾಡಿಯೇ 'ಅಂಗನವಾಡಿ'. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಅದೇ ಹೆಸರು ಉಳಿಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ.

ಹೆಸರು ಉಳಿಯಿತು, ಪದ್ಧತಿ ಉಳಿಯಿತೆ? ಆಹಾರ, ಚುಚ್ಚುಮದ್ದು, ತೂಕ, ರಿಜಿಸ್ಟರು, ಸಮೀಕ್ಷೆ, ಚುನಾವಣೆಯ ಕೆಲಸ ಇವೆಲ್ಲದರ ನಡುವೆ ಮಗುವಿನ ಕೈಗೆ ಒಂದು ವಸ್ತು ಕೊಟ್ಟು ಸುಮ್ಮನೆ ನೋಡುವ ಪುರುಸೊತ್ತು ಯಾವ ಕಾರ್ಯಕರ್ತೆಗಿದೆ? 2024ರಲ್ಲಿ ರಾಜ್ಯ ಸರ್ಕಾರ ಕೆಲವು ಅಂಗನವಾಡಿಗಳನ್ನು 'ಸರ್ಕಾರಿ ಮಾಂಟೆಸ್ಸರಿ' ಮಾಡಿ ಎಲ್.ಕೆ.ಜಿ., ಯು.ಕೆ.ಜಿ. ಶುರು ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಮಾಂಟೆಸ್ಸರಿ ಮನೆಯಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ಎಂಬ ಗೋಡೆಯೇ ಇಲ್ಲ. ಮೂರರಿಂದ ಆರು ವರ್ಷದವರೆಲ್ಲ ಒಂದೇ ಕೋಣೆಯಲ್ಲಿ ಕೂತು, ದೊಡ್ಡದನ್ನು ನೋಡಿ ಚಿಕ್ಕದು ಕಲಿಯುತ್ತದೆ.

ಈಗ ನಾನು ನೋಡಿದ ಮನೆಗೆ ಬರುತ್ತೇನೆ. ಸಿಮೆಂಟ್ ಶೀಟಿನ ಮಾಡು, ಇಬ್ಬರು ಶಿಕ್ಷಕಿಯರು. ತಾಯಂದಿರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್ ಕೆಲಸದವರು, ಮಿಕ್ಕವರು ಮನೆಗೆಲಸದವರು, ಕಟ್ಟಡ ಕೂಲಿಯವರು. ಗುಂಡಿ, ಹುಕ್ಕು, ಲಾಡಿ ಕಟ್ಟುವುದನ್ನು ಕಲಿಸುವ ಬಟ್ಟೆಯ ಚೌಕಟ್ಟುಗಳನ್ನು ಹೊರಗಿನಿಂದ ಕೊಂಡಿಲ್ಲ. ಗಾರ್ಮೆಂಟ್ಸಿನ ತಾಯಂದಿರೇ ಒಂದು ಭಾನುವಾರ ಕೂತು ಹೊಲಿದುಕೊಟ್ಟರು. ಆ ಹೊಲಿಗೆ ನೋಡಬೇಕು, ಎಕ್ಸ್‌ಪೋರ್ಟ್ ಗುಣಮಟ್ಟದ್ದು! ಚೊಂಬಿನಿಂದ ಚೊಂಬಿಗೆ ರಾಗಿ ಸುರಿಯುವುದು, ಹುಣಸೆಬೀಜ ಎಣಿಸುವುದು, ಕಸಬರಿಕೆ ಹಿಡಿಯುವುದು ದಿನದ ಮೊದಲ ಕೆಲಸಗಳು. ಇದಕ್ಕೆ ಒಬ್ಬ ತಂದೆ ಆಕ್ಷೇಪಿಸಿದರಂತೆ: 'ಕಸ ಗುಡಿಸೋದು ನಮ್ಮ ಮನೇಲಿ ಕಲೀತಾಳೆ ಮೇಡಂ, ಇಲ್ಲಿ ಇಂಗ್ಲಿಷ್ ಹೇಳಿಕೊಡಿ.' ಆ ಮಾತನ್ನು ನಗುತ್ತಾ ತಳ್ಳಿಹಾಕುವಂತಿಲ್ಲ. ಶ್ರೀಮಂತರ ಮಗು ಗುಡಿಸಿದರೆ ಅದು ಶಿಕ್ಷಣ, ಬಡವರ ಮಗು ಗುಡಿಸಿದರೆ ಅದು ಹಣೆಬರಹ ಎಂದು ಆತ ಕಂಡುಂಡು ಹೇಳಿದ್ದು. ಶಿಕ್ಷಕಿ ವಾದಕ್ಕೆ ಇಳಿಯದೆ ಆತನನ್ನು ಒಂದು ಬೆಳಿಗ್ಗೆ ಕೂರಿಸಿಕೊಂಡರು. ಅಲ್ಲಿ ಗಂಡುಮಕ್ಕಳೂ ಗುಡಿಸುತ್ತಿದ್ದರು.

ಇಂಗ್ಲಿಷಿನ ವಿಷಯಕ್ಕೆ ಬಂದರೆ, ನನ್ನದೇ ಒಂದು ನೆನಪಿದೆ. ನಾವು ಕೋಲಾರದ ಕಡೆಯವರು, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಮೂರೂವರೆ ವರ್ಷಕ್ಕೆ ನನ್ನನ್ನು ಒಂದು ಕಾನ್ವೆಂಟಿಗೆ ಹಾಕಿದರು. ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ. ಒಂದಕ್ಕೆ ಹೋಗಬೇಕೆಂದು ಕೇಳುವ ವಾಕ್ಯ ಬಾಯಿಗೆ ಬರುತ್ತಿರಲಿಲ್ಲ. ಎಷ್ಟು ದಿನ ಒದ್ದೆ ಲಂಗದಲ್ಲಿ ಮನೆಗೆ ಬಂದೆನೋ ಅಮ್ಮನೇ ಹೇಳಬೇಕು. ಮೊದಲ ವರ್ಷ ನಾನು ತರಗತಿಯಲ್ಲಿ ಮಾತೇ ಆಡಲಿಲ್ಲವಂತೆ; ವರದಿ ಪುಸ್ತಕದಲ್ಲಿ ಮಗು 'ಮಂದ' ಎಂದು ಬರೆದುಕೊಟ್ಟರು. ಆದರೆ ಇದನ್ನು ಹೇಳಿ ನಾನು ಇಂಗ್ಲಿಷ್ ಬೇಡ ಎನ್ನುವಂತಿಲ್ಲ. ಅದೇ ಇಂಗ್ಲಿಷಿನಿಂದ ನನಗೆ ಕೆಲಸವೂ ಸಿಕ್ಕಿದೆ. ತನ್ನ ಮಗಳಿಗೂ ಸಿಗಲಿ ಎನ್ನುವ ತಾಯಿಗೆ ಮಾತೃಭಾಷೆಯ ಉಪದೇಶ ಮಾಡುವ ಹಕ್ಕು ನನಗೆಲ್ಲಿದೆ? ಮಾಧ್ಯಮದ ಆಯ್ಕೆ ಪಾಲಕರದು, ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದ ಕಡೆ ಮನೆಭಾಷೆಯಲ್ಲೇ ಕಲಿಸಿ ಎನ್ನುತ್ತದೆ. ಇವೆರಡರ ನಡುವೆ ಮೂರು ವರ್ಷದ ಮಗು ಕೂತಿದೆ.

ನಾನು ಕಂಡ ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಸರಳ. ಒಬ್ಬ ಶಿಕ್ಷಕಿ ಮಕ್ಕಳೊಡನೆ ಸದಾ ಕನ್ನಡ, ಇನ್ನೊಬ್ಬರು ಸದಾ ಇಂಗ್ಲಿಷ್. ಮಗು ಮಾತ್ರ ತನಗೆ ಬಂದ ಭಾಷೆಯಲ್ಲಿ ಉತ್ತರ ಕೊಡಬಹುದು. ತಮಿಳೋ ಉರ್ದುವೋ ಆದರೂ ಸರಿ, ದಂಡವಿಲ್ಲ. 'ಅಕ್ಕಾ, ವಾಟರ್ ಬೇಕು' ಎಂದರೆ ತಿದ್ದುವುದಿಲ್ಲ. ಎರಡು ಭಾಷೆ ಬೆರೆಸುವುದು ಗೊಂದಲವಲ್ಲ, ಕಲಿಯುವ ದಾರಿಯೇ ಹಾಗೆ. ಬರಹಕ್ಕೆ ಮಾತ್ರ ಕನ್ನಡವೇ ಮೊದಲು. ಇದು ಅಭಿಮಾನದ ಮಾತಲ್ಲ, ಲೆಕ್ಕದ ಮಾತು. ಮಾಂಟೆಸ್ಸರಿ ಪದ್ಧತಿಯಲ್ಲಿ ಅಕ್ಷರವನ್ನು ಉಪ್ಪುಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿರುತ್ತಾರೆ. ಮಗು ಅದರ ಮೇಲೆ ಬೆರಳಾಡಿಸುತ್ತಾ ಅದರ ಉಲಿಯನ್ನು ಹೇಳುತ್ತದೆ. ನಮ್ಮ ಹಿರಿಯರು ಮರಳಿನ ಮೇಲೆ ತಿದ್ದಿಸುತ್ತಿದ್ದುದಕ್ಕೆ ಇದು ಹತ್ತಿರದ ನೆಂಟ. ಕನ್ನಡದಲ್ಲಿ ಅಕ್ಷರದ ಹೆಸರೂ ಉಲಿಯೂ ಒಂದೇ. ಇಂಗ್ಲಿಷಿನ 'ಸಿ' ಅಕ್ಷರ 'ಕ್ಯಾಟ್'ನಲ್ಲಿ ಕ, 'ಸಿಟಿ'ಯಲ್ಲಿ ಸ. ಮೊದಲು ನಂಬಿಕಸ್ಥ ಲಿಪಿ, ಆಮೇಲೆ ಚಂಚಲ ಲಿಪಿ ಎನ್ನುವುದು ಅಲ್ಲಿನ ಕ್ರಮ.

ಆದರೆ ಕನ್ನಡಕ್ಕೂ ತನ್ನದೇ ತೊಡಕಿದೆ. ಬಿಡಿ ಅಕ್ಷರ ಜೋಡಿಸಿ ಪದ ಕಟ್ಟುವ ಪೆಟ್ಟಿಗೆ ಇಂಗ್ಲಿಷಿಗಾದರೆ 26 ಆಕಾರಕ್ಕೆ ಮುಗಿಯಿತು. ಕನ್ನಡಕ್ಕೆ ವರ್ಣಮಾಲೆ, ಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲವೂ ಬೇಕು. ಒಂದನೇ ತರಗತಿಯ ಪುಸ್ತಕದಂತೆ ರ, ಗ, ಸ, ದ, ಅ ಎಂದು ಹೊರಟು ಅರಸ, ಗರಗಸ, ದಸರ ಬರೆಸಬಹುದು. ಆದರೆ ಮಗು ಬರೆಯಬಯಸುವುದು ಗರಗಸವನ್ನಲ್ಲ; ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಒಂದೊಂದರಲ್ಲೂ ಒತ್ತಕ್ಷರ! ಹೀಗಾಗಿ ಆ ಶಿಕ್ಷಕಿಯರು ಒತ್ತಕ್ಷರವನ್ನು ಕೊನೆಗೆ ಇಟ್ಟುಕೊಳ್ಳದೆ ಮೊದಲ ತಿಂಗಳಲ್ಲೇ ರಟ್ಟಿನಲ್ಲಿ ಕತ್ತರಿಸಿ ಪೆಟ್ಟಿಗೆಗೆ ಹಾಕಿದ್ದಾರೆ.

ಇಷ್ಟೆಲ್ಲ ಇದ್ದರೂ ಆ ಮನೆ ಉಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಅಕ್ಷರವಲ್ಲ, ಗಡಿಯಾರ. ಮಧ್ಯಾಹ್ನ ಹನ್ನೆರಡೂವರೆಗೆ ಬಿಟ್ಟರೆ ಗಾರ್ಮೆಂಟ್ಸಿನ ತಾಯಿ ಬಂದು ಕರೆದೊಯ್ಯಲಾರಳು. ಆಗ ಎಂಟು ವರ್ಷದ ಅಕ್ಕ ಶಾಲೆ ತಪ್ಪಿಸುತ್ತಾಳೆ. ಮಾಂಟೆಸ್ಸರಿ ತಮ್ಮ ಪುಸ್ತಕದಲ್ಲಿ ಕೊಟ್ಟಿರುವ ಚಳಿಗಾಲದ ವೇಳಾಪಟ್ಟಿಯೇ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ, ಊಟ ಸೇರಿ. ಕೂಲಿಕಾರರ ಮಕ್ಕಳಿಗೆಂದು ಮಾಡಿದ ಪದ್ಧತಿಯನ್ನು ಅರ್ಧ ದಿನಕ್ಕೆ ಕತ್ತರಿಸಿದವರು ನಾವು. ಇಡೀ ದಿನ ನಡೆಸಬೇಕೆಂದರೆ ಇನ್ನೊಬ್ಬರ ಸಂಬಳ ಬೇಕು. ಸಂಬಳ ಎಂಬ ಪದವೇ ಈ ಕೆಲಸದಲ್ಲಿ ಅಪರೂಪ; ಅಂಗನವಾಡಿಯಲ್ಲಿ ಅದು 'ಗೌರವಧನ'. ಆ ಕಾರ್ಯಕರ್ತೆಯರಿಗೂ ಗ್ರಾಚುಟಿಯ ಹಕ್ಕಿದೆ ಎಂದು ಹೇಳಿಸಿಕೊಳ್ಳಲು 2022ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು. ನಾನು ಹೋದ ಮನೆಯಲ್ಲಿ ಇಂಗ್ಲಿಷ್ ಹೇಳುವ ಶಿಕ್ಷಕಿ ಈ ವರ್ಷ ಮುಗಿದ ಮೇಲೆ ಇರುವುದಿಲ್ಲ. ಹೆಚ್ಚು ಕೊಡುವ ಕಡೆ ಹೋಗುತ್ತಾರೆ. ಅವರನ್ನು ದೂರುವವರು ತಾವು ಅಷ್ಟು ಹಣಕ್ಕೆ ದುಡಿದು ನೋಡಲಿ.

ಕೊನೆಯ ದಿನ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳೊಬ್ಬಳು ಪೆಟ್ಟಿಗೆಯಿಂದ 'ಅ' ತೆಗೆದಳು, 'ವ' ತೆಗೆದಳು, ಬಹಳ ಹೊತ್ತು ಹುಡುಕಿ ವ ಒತ್ತನ್ನು ಅದರ ಕೆಳಗಿಟ್ಟಳು. ಅವ್ವ. ಕನ್ನಡದ ಶಿಕ್ಷಕಿ ಅಭ್ಯಾಸಬಲದಿಂದ 'ಅಮ್ಮ ಅಲ್ವಾ ಪುಟ್ಟಿ?' ಎಂದು ಮ ಒತ್ತಿಗೆ ಕೈ ಹಾಕಿದರು. ಹುಡುಗಿ ತಲೆಯೆತ್ತಿ, 'ಅಲ್ರೀ ಅಕ್ಕಾರ, ನಮ್ಮವ್ವ' ಎಂದಳು. ಶಿಕ್ಷಕಿ ಕೈ ಹಿಂದೆ ತೆಗೆದರು. ಆ ಪದ ಸಂಜೆಯವರೆಗೂ ಚಾಪೆಯ ಮೇಲೇ ಇತ್ತು. ತಾಯಿ ಬಂದಾಗ ತೋರಿಸಲೆಂದು ಯಾರೂ ಅದನ್ನು ಎತ್ತಿಡಲಿಲ್ಲ.